ಹನ್ನೊಂದನೇ ಕಲ್ಲಿನ ಎಡಗಡೆ

ಜನವರಿ ೮, ಸೋಮವಾರ

ದೊಡ್ಡಪ್ಪ,

ಮೊಣಕಾಲುಗಳನ್ನು ಬಿಟ್ಟರೆ ನಾನಿಲ್ಲಿ ಕ್ಷೇಮ. ಫೋನಿನಲ್ಲಿ ನನ್ನ ಮಾತು ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಕೇಳಿಸುತ್ತದೆ ಎಂದು ಹೋದ ಸಲ ಬೈದಿರಲ್ಲ, ಅದಕ್ಕೇ ಈ ಪತ್ರ.

ಸುದ್ದಿ ಏನೆಂದರೆ, ನಾನು ಸೈಕಲ್ ಕೊಂಡೆ. ಹೊಸದಲ್ಲ. ದಪ್ಪ ಟೈರಿನದು, ಬ್ರೇಕು ಹಿಡಿದರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚುತ್ತದೆ. ಹದಿನಾಲ್ಕು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣು ನೋಡಿದ್ದೇ ನೋಡಿದ್ದು. ನನ್ನ ಕಣ್ಣಿಗೆ ಮಾತ್ರ ಎದುರು ಗೋಡೆಯ ಅಕ್ಷರದ ಬೋರ್ಡು ಬಿಟ್ಟು ಬೇರೇನೂ ಕಾಣದ ಹಾಗಾಗಿತ್ತು. ಸೋಮವಾರ ಅಂಗಡಿಗೆ ರಜೆ. ಇವತ್ತು ಬೆಳಿಗ್ಗೆ ನಮ್ಮೂರಿನ ಹಾಳು ಸ್ಟೇಷನ್ನಿನ ಹಿಂದಿನಿಂದ ನಿಮ್ಮ ರೈಲು ದಾರಿಗೆ ಇಳಿದೇಬಿಟ್ಟೆ.

ಹಳಿ ಕಿತ್ತುಕೊಂಡು ಹೋಗಿದ್ದಾರೆ, ಜಲ್ಲಿ ಉಳಿದಿದೆ. ಎರಡೂ ಕಡೆ ಕಾಡು ಬಾಗಿ ಬಂದು ತಲೆ ಸವರುತ್ತದೆ. ಸಿಗ್ನಲ್ ಕಂಬದ ಕೈ ಮೇಲೆ ಯಾವುದೋ ಹಕ್ಕಿ ಗೂಡು ಕಟ್ಟಿಕೊಂಡು, ನಾನೇ ಅದರ ಮನೆಗೆ ನುಗ್ಗಿದವಳು ಎಂಬಂತೆ ಬೈಯಿತು. ಕಿಲೋಮೀಟರ್ ಕಲ್ಲುಗಳು ಮಾತ್ರ ಹಾಗೇ ನಿಂತಿವೆ. ಸ್ಟೇಷನ್ನಿನ ಮಗ್ಗುಲಲ್ಲಿ ಇಪ್ಪತ್ತೆರಡು, ಮುಂದಕ್ಕೆ ಇಪ್ಪತ್ತೊಂದು. ಇಪ್ಪತ್ತು ಕಾಣುವಷ್ಟರಲ್ಲಿ ಟೈರು ಪಂಕ್ಚರ್. ಸೈಕಲ್ ತಳ್ಳಿಕೊಂಡು ವಾಪಸ್ ಬಂದೆ, ಆದರೂ ಹಲ್ಲು ಕಿರಿದುಕೊಂಡೇ ಬಂದೆ. ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ನೀವು ಮೂವತ್ತೊಂದು ವರ್ಷ ಸುತ್ತಿಗೆ, ಸ್ಪ್ಯಾನರ್ ಹಿಡಿದು, ಹಳಿ ಸರಿಯಿದೆಯೇ ಎಂದು ನೋಡಿಕೊಂಡು ಈ ದಾರಿ ನಡೆದವರು. ಈ ಕಾಡಿನಲ್ಲಿ ನೋಡುವಂಥದ್ದು ಏನೇನಿದೆ, ಯಾವ ಕಲ್ಲಿನ ಹತ್ತಿರ, ಯಾವ ಕಡೆ? ಬರೆದು ಕಳಿಸಿ.

ಗುಬ್ಬಿ


ಜನವರಿ ೧೬

ಗುಬ್ಬಿ,

ಸೈಕಲ್ ಕೊಂಡದ್ದು ಒಳ್ಳೆಯದಾಯಿತು. ಪಂಕ್ಚರ್ ಹಾಕುವುದನ್ನೂ ಕಲಿತುಕೋ. ಕಾಡಿನಲ್ಲಿ ನಿನಗಾಗಿ ಯಾರೂ ಅಂಗಡಿ ತೆರೆದುಕೊಂಡು ಕೂತಿರುವುದಿಲ್ಲ.

ನನ್ನ ಸಂಗತಿ ಕೇಳು. ಮಗಳ ಮನೆಯಿರುವ ಈ ಬಡಾವಣೆಯಲ್ಲಿ ಹನ್ನೆರಡು ಕಟ್ಟಡಗಳಿವೆ, ಹನ್ನೆರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಹೋದ ತಿಂಗಳು ವಾಕಿಂಗ್ ಮುಗಿಸಿ ನಾಲ್ಕನೇ ಮಹಡಿ ಹತ್ತಿ, ತೆರೆದ ಬಾಗಿಲು ಕಂಡು ಒಳಗೆ ಹೋಗಿ, ಸೋಫಾದಲ್ಲಿ ಕೂತು, ‘ಒಂದು ಲೋಟ ನೀರು ಕೊಡಮ್ಮಾ’ ಎಂದೆ. ನೀರು ಕೊಟ್ಟವಳು ನನ್ನ ಮಗಳಲ್ಲ, ಯಾರೋ ಏನೋ. ಪಾಪ, ಒಳ್ಳೆಯ ಹೆಂಗಸು, ಬಿಸ್ಕತ್ತೂ ಕೊಟ್ಟಳು. ಅವತ್ತಿನಿಂದ ನನ್ನ ಮಗಳು, ಅದೇ ನಿಮ್ಮಕ್ಕ, ನನಗೆ ಮರೆವು ಶುರುವಾಗಿದೆ ಎಂದು ತೀರ್ಮಾನ ಮಾಡಿದ್ದಾಳೆ. ಮಾರ್ಚಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸುವುದಂತೆ. ಅಲ್ಲಿಯವರೆಗೂ, ಆಮೇಲೂ, ನಾನು ಹೊರಗೆ ಕಾಲಿಟ್ಟರೆ ಕೈ ಹಿಡಿದು ನಡೆಸಲು ಒಬ್ಬ ಆಳನ್ನು ಇಡುತ್ತಾಳಂತೆ. ಒಬ್ಬನೇ ಕಾಡಿನಲ್ಲಿ ಜೀವಮಾನ ಕಳೆದವನಿಗೆ ಹಾಲು ತರಲು ಕಾವಲು! ಇನ್ನೂ ಒಪ್ಪಿಲ್ಲ ನಾನು.

ಅದಕ್ಕೇ ನಿನ್ನ ಪತ್ರ ಹೇಳಿ ಕಳಿಸಿದ ಹಾಗೆ ಬಂತು. ತಲೆಯಲ್ಲಿ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ. ನೋಡಿ ಹೇಳು. ಮುಲಾಜು ಬೇಡ.

ಹತ್ತೊಂಬತ್ತನೇ ಕಲ್ಲು, ಬಲಗಡೆ ಅರವತ್ತು ಹೆಜ್ಜೆ: ಬಂಡೆ ಕೊರೆದ ಬಾವಿ, ಇಳಿಯಲು ಹನ್ನೊಂದು ಮೆಟ್ಟಿಲು. ಎಂಥ ಬೇಸಿಗೆಯಲ್ಲೂ ಅದರ ನೀರಿಗೆ ಕೈಯಿಟ್ಟರೆ ಜುಮ್ಮೆನ್ನುತ್ತಿತ್ತು. ಹದಿನಾರನೇ ಕಲ್ಲು, ಎಡಗಡೆ ಮೂವತ್ತು ಹೆಜ್ಜೆ: ಹಳಿ ನುಂಗಿದ ಮರ. ಹಳಿ ದುರಸ್ತಿಯ ನಮ್ಮ ಗ್ಯಾಂಗಿನವರು ಒಂದು ತುಂಡು ಹಳಿಯನ್ನು ಸಣ್ಣ ಮರಕ್ಕೆ ಒರಗಿಸಿಟ್ಟು ಮರೆತಿದ್ದರು. ಮರ ಅದನ್ನು ಒಳಗೆ ಸೇರಿಸಿಕೊಂಡು ಬೆಳೆಯಿತು. ಹದಿನಾಲ್ಕರಲ್ಲಿ ಸುರಂಗ, ನೂರೆಂಬತ್ತು ಹೆಜ್ಜೆ. ಟಾರ್ಚು ಇರಲಿ, ಬಾವಲಿಗಳಿಗೆ ಹೆದರಬೇಡ, ಅವು ನಿನಗಿಂತ ಮರ್ಯಾದಸ್ಥರು.

ಹನ್ನೊಂದನೇ ಕಲ್ಲು, ಎಡಗಡೆ ನಲವತ್ತು ಹೆಜ್ಜೆ: ಕೂರಲು ಹಾಕಿದ ಒಂದು ಕಲ್ಲು. ಅದೇನು, ಯಾಕೆ ಎಂದು ಕೇಳಬೇಡ. ಇದೆ, ಅಷ್ಟೇ.

ದೊಡ್ಡಪ್ಪ


ಜನವರಿ ೨೯, ಸೋಮವಾರ

ದೊಡ್ಡಪ್ಪ,

ಎರಡು ಸೋಮವಾರ ಅಲೆದೆ. ಮುಲಾಜಿಲ್ಲದೆ ಬರೆ ಎಂದಿದ್ದೀರಿ, ಬರೆಯುತ್ತೇನೆ.

ಸುರಂಗ ಸಿಕ್ಕಿತು! ನನ್ನ ಲೆಕ್ಕದಲ್ಲಿ ನೂರೆಂಬತ್ತನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆ ಹೆದರಿಕೆಗೆ ಹೆಚ್ಚಾಗಿರಬೇಕು. ಒಳಗೆ ತಲೆ ಮೇಲೆ ಬಾವಲಿಗಳು ಒದ್ದೆ ಕೊಡೆಗಳನ್ನು ಸಾಲಾಗಿ ನೇತುಹಾಕಿದ ಹಾಗಿದ್ದವು. ಆ ತುದಿಯಿಂದ ಹೊರಬಿದ್ದಾಗ ಹಸಿರು ಎಷ್ಟು ಜೋರಾಗಿ ಕಣ್ಣಿಗೆ ಬಡಿಯಿತೆಂದರೆ, ಸೈಕಲ್ ಇಳಿದು ಸುಮ್ಮನೆ ನಿಂತೆ. ಹನ್ನೆರಡನೇ ಕಲ್ಲಿನ ಹತ್ತಿರ ಹಳೆಯ ರೈಲ್ವೆ ಗೇಟಿನ ಮನೆಯಲ್ಲಿ ಒಬ್ಬ ಅಜ್ಜಿ ಜೇನುಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಕೈ ಬೀಸಿದೆ, ಅವರೂ ಬೀಸಿದರು.

ಆದರೆ ಬಾವಿ ಕಾಣಲಿಲ್ಲ. ಬಲಗಡೆ ಅರವತ್ತಲ್ಲ, ನೂರು ಹೆಜ್ಜೆ ಹೋದೆ. ಬರೀ ಮುಳ್ಳಿನ ಪೊದೆ. ಹದಿನಾರರಲ್ಲಿ ಎಡಕ್ಕೆ ಇಳಿದರೆ ಜೌಗು, ಒಂದು ಚಪ್ಪಲಿಯನ್ನು ಅದಕ್ಕೇ ಕೊಟ್ಟು ಬಂದೆ. ಹನ್ನೊಂದರಲ್ಲಿ ಎಡಗಡೆ ಬಂಡೆ ಕಡಿದಾಗಿ ಇಳಿಯುತ್ತದೆ, ಅಲ್ಲಿ ಆಡೂ ಕೂರಲಾರದು. ರೈಲು ನಿಂತ ಈ ಇಪ್ಪತ್ತು ವರ್ಷದಲ್ಲಿ ಕಾಡು ಎಲ್ಲವನ್ನೂ ಮುಚ್ಚಿಹಾಕಿರಬೇಕು.

ಗುಬ್ಬಿ


ಫೆಬ್ರವರಿ ೫

ಗುಬ್ಬಿ,

ಕಾಡು ಬಾವಿಯನ್ನು ಮುಚ್ಚಬಹುದು. ಮಟ್ಟಸವಾದ ಜಾಗವನ್ನು ಕಡಿದಾದ ಬಂಡೆ ಮಾಡಲು ಅದಕ್ಕೇನು ಬೇರೆ ಕೆಲಸವಿಲ್ಲವೇ? ನೀನು ಸರಿಯಾಗಿ ನೋಡಿಲ್ಲ. ಮೊಬೈಲು ನೋಡಿಕೊಂಡು ನಡೆದಿದ್ದೀಯ.

ಮತ್ತೆ ಹೇಳುತ್ತೇನೆ. ಹತ್ತೊಂಬತ್ತು, ಬಲಗಡೆ, ಅರವತ್ತು. ಹದಿನಾರು, ಎಡಗಡೆ, ಮೂವತ್ತು. ಹನ್ನೊಂದು, ಎಡಗಡೆ, ನಲವತ್ತು. ಬರೆದುಕೊಂಡದ್ದಲ್ಲ, ಬಾಯಲ್ಲೇ ಇದೆ. ಈ ವಾರ ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ ಹೇಳಿಕೊಂಡು ನೋಡಿದ್ದೇನೆ, ದಿನಾ ಅದೇ ಬರುತ್ತದೆ.

ಬಾವಿ, ಮರ ಹಾಳಾಗಿ ಹೋಗಲಿ. ಆ ಕಲ್ಲನ್ನು ನೋಡು. ಇನ್ನೊಂದು ಸಲ ಹೋಗಿ ನೋಡು.

ದೊಡ್ಡಪ್ಪ


ಫೆಬ್ರವರಿ ೧೨, ಸೋಮವಾರ

ಪ್ರೀತಿಯ ದೊಡ್ಡಪ್ಪ,

ಸಿಹಿ ಸುದ್ದಿ. ಎಲ್ಲ ಸಿಕ್ಕಿತು! ನೀವು ಹೇಳಿದ್ದೇ ಸರಿ, ನಾನೇ ಸರಿಯಾಗಿ ನೋಡಿರಲಿಲ್ಲ. ಬಾವಿಯಲ್ಲಿ ನೀರು ಈಗಲೂ ತಣ್ಣಗಿದೆ. ಮರ ಹಳಿಯನ್ನು ಅರ್ಧ ನುಂಗಿಕೊಂಡು ಹಾಯಾಗಿದೆ. ಹನ್ನೊಂದರ ಕಲ್ಲೂ ಇದೆ. ಎಡಗಡೆ, ನಲವತ್ತೇ ಹೆಜ್ಜೆ. ಮೇಲೆ ಪಾಚಿ ಕಟ್ಟಿದೆ, ಒಬ್ಬರು ಆರಾಮಾಗಿ ಕೂರುವಷ್ಟು ಚೊಕ್ಕವಾದ ಪುಟ್ಟ ಕಲ್ಲು. ಕೂತು ಸ್ವಲ್ಪ ಹೊತ್ತು ಹಕ್ಕಿಗಳ ಸದ್ದು ಕೇಳಿದೆ.

ನಿಮ್ಮ ನೆನಪಿಗೆ ಒಂದು ನಮಸ್ಕಾರ. ಇನ್ನು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೊತ್ತು ಹೊತ್ತಿಗೆ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಅಕ್ಕ ಏನು ಹೇಳಿದರೂ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಾಳೆ.

ಗುಬ್ಬಿ


ಫೆಬ್ರವರಿ ೧೯

ಗುಬ್ಬಿ,

ನಿನ್ನ ಪತ್ರ ಬಂತು. ನಾಲ್ಕು ಸಲ ಓದಿದೆ.

ಒಬ್ಬರು ಕೂರುವಷ್ಟು ಎಂದು ಬರೆದಿದ್ದೀಯ. ನೀನು ಕಣ್ಣಾರೆ ಕಂಡವಳು, ಅಲ್ಲದೆ ಕಣ್ಣಿನ ಕೆಲಸದವಳು. ನೀನು ಹೇಳಿದ್ದೇ ಇದ್ದೀತು.

ನನ್ನ ತಲೆಯಲ್ಲಿ ಇರುವುದು ಬೇರೆ. ಮದುವೆಯಾದ ಹೊಸದರಲ್ಲಿ ನಾವು ಹನ್ನೊಂದರ ಹತ್ತಿರದ ಗ್ಯಾಂಗ್ ಮನೆಯಲ್ಲಿದ್ದೆವು. ನಿಮ್ಮ ದೊಡ್ಡಮ್ಮ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದಳು. ನೆಲದ ಮೇಲೆ ಕೂತರೆ ಇರುವೆ. ಅವಳು ಬಸುರಿ ಬೇರೆ, ಕೂರಲು ಏಳಲು ಕಷ್ಟ. ಮೋರಿ ಕೆಲಸಕ್ಕೆ ತಂದು ಉಳಿದಿದ್ದ ಚಪ್ಪಡಿಯನ್ನು ಗ್ಯಾಂಗಿನ ಆರು ಜನ ಹೊತ್ತು ತಂದು ಹಾಕಿಕೊಟ್ಟರು. ಉದ್ದನೆಯ ಚಪ್ಪಡಿ. ನಾನು ಈ ತುದಿ, ಅವಳು ಆ ತುದಿ. ಮಗು ಹುಟ್ಟಿದ ಮೇಲೆ ನಮ್ಮಿಬ್ಬರ ನಡುವೆ ಬಟ್ಟೆ ಹಾಸಿ ಮಲಗಿಸುತ್ತಿದ್ದಳು. ನಾಲ್ಕು ವರ್ಷ ಹಾಗೆ ಊಟ ಮಾಡಿದೆವು ಎಂದು ನಾನು ಅಂದುಕೊಂಡಿದ್ದೇನೆ.

ಒಬ್ಬರು ಕೂರುವಷ್ಟೇ ಇದ್ದರೆ ಆ ಊಟ ಎಲ್ಲಿ ನಡೆಯಿತು? ಅದೇ ಇಲ್ಲವೆಂದಾದರೆ ಅವಳ ಬಗ್ಗೆ ನನಗೆ ನೆನಪಿರುವ ಉಳಿದದ್ದರಲ್ಲಿ ಯಾವುದನ್ನು ನಂಬಲಿ? ಆ ಮಾತಿಗೆ ಹೆದರಿಕೆಯಾಗುತ್ತದೆ ಗುಬ್ಬಿ. ಸುರಂಗದಲ್ಲಿ ಟಾರ್ಚು ಆರಿದಾಗಲೂ ಹೀಗೆ ಆಗಿರಲಿಲ್ಲ.

ನೀನು ಸೈಕಲ್ ಹತ್ತಿದ್ದು ನಿನ್ನ ಖುಷಿಗೆ. ಆದರೆ ನಾನು ಒಳಗೊಳಗೇ ಒಂದು ಪಂದ್ಯ ಕಟ್ಟಿಕೊಂಡಿದ್ದೆ. ನಾನು ಹೇಳಿದ್ದು ಹೇಳಿದ ಹಾಗೆ ಸಿಕ್ಕರೆ ತಲೆ ನೆಟ್ಟಗಿದೆ, ಒಬ್ಬನೇ ತಿರುಗಾಡುವುದನ್ನು ಬಿಡುವುದಿಲ್ಲ. ಸೋತೆ. ನಿನ್ನೆ ನಿಮ್ಮಕ್ಕನಿಗೆ ‘ಆಯ್ತಮ್ಮಾ, ಆ ಆಳನ್ನ ಬರ ಹೇಳು’ ಎಂದೆ. ಅವಳು ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು. ಗೆದ್ದವರ ಮುಖ ಹಾಗಿರುವುದಿಲ್ಲ. ಮಾರ್ಚ್ ಒಂದರಿಂದ ಅವನು ಬರುತ್ತಾನೆ.

ನೀನು ಅಲೆಯುವುದು ಸಾಕು. ಬಿಸಿಲು ಏರುತ್ತಿದೆ.

ದೊಡ್ಡಪ್ಪ


ಫೆಬ್ರವರಿ ೨೩, ಶುಕ್ರವಾರ

ದೊಡ್ಡಪ್ಪ,

ನಾನು ಸುಳ್ಳು ಬರೆದೆ. ಬಾವಿ, ಮರ, ಕಲ್ಲು, ಒಂದೂ ಸಿಕ್ಕಿರಲಿಲ್ಲ. ಆ ಸೋಮವಾರ ನಾನು ಮನೆಯಿಂದ ಹೊರಗೇ ಹೋಗಿಲ್ಲ.

ಅದಕ್ಕೆ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ದಳು. ‘ಅಪ್ಪನಿಗೆ ಏನೇನೋ ಕಲ್ಪನೆ ಕಣೇ, ಎದುರಾಡಿದ್ರೆ ಊಟ ಬಿಡ್ತಾರೆ. ಸುಮ್ನೆ ಹೂಂ ಅಂದ್ಬಿಡು’ ಎಂದು ಅತ್ತಳು. ನಾನು ಹೂಂ ಎಂದೆ. ದೊಡ್ಡಪ್ಪನಿಗೆ ವಯಸ್ಸಾಯಿತು, ಪಾಪ, ಖುಷಿಯಾಗಿರಲಿ ಎಂದು ಕೂತಲ್ಲೇ ಕಲ್ಲನ್ನು ಹುಟ್ಟಿಸಿದೆ. ನಿಜ ಎನಿಸಲಿ ಎಂದು ಪಾಚಿ ಹಚ್ಚಿದೆ. ಒಬ್ಬರು ಕೂರುವಷ್ಟು ಎಂದು ಯಾಕೆ ಬರೆದೆನೋ ದೇವರಾಣೆಗೂ ಗೊತ್ತಿಲ್ಲ. ನಾನು ಒಬ್ಬಳೇ ಕೂರುವವಳಲ್ಲವೇ, ಕೈಗೆ ಅದೇ ಬಂತು.

ಅಕ್ಕನ ಮಾತು ಕೇಳಿದ ಮೇಲೆ ನಾನು ಹುಡುಕುವುದನ್ನೇ ಬಿಟ್ಟೆ. ಕ್ಷಮಿಸಿ ಎನ್ನಲೂ ನಾಚಿಕೆಯಾಗುತ್ತದೆ. ನಾಳೆ ಅಂಗಡಿ ಮುಚ್ಚಿ ಹೋಗುತ್ತೇನೆ. ಇದ್ದರೆ ಇದೆ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ.

ಗುಬ್ಬಿ


ಫೆಬ್ರವರಿ ೨೪, ಶನಿವಾರ

ದೊಡ್ಡಪ್ಪ,

ಇದೆ! ಇದೆ, ಇದೆ, ಇದೆ!

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನಂಬುವುದಿಲ್ಲ ನೀವು. ಬೆಳಿಗ್ಗೆ ನೇರವಾಗಿ ಹನ್ನೊಂದನೇ ಕಲ್ಲಿಗೆ ಹೋಗಿ ಆ ಕಡಿದಾದ ಬಂಡೆಯನ್ನು ಇಳಿಯಲು ನೋಡಿದೆ. ಅಂಗೈ ತರಚಿತು, ಅಳು ಬಂತು. ಹನ್ನೆರಡನೇ ಕಲ್ಲಿಗೆ ವಾಪಸ್ ಬಂದು ಗೇಟಿನ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆ. ಜೇನಿನ ಅಜ್ಜಿ ಹೊರಗೆ ಬಂದರು.

‘ಯಾರಮ್ಮಾ ನೀನು? ಬರ್ತೀಯ, ಮುಳ್ಳಲ್ಲಿ ನುಗ್ತೀಯ, ಬೈಕೊಂಡು ಹೋಗ್ತೀಯ. ಏನು ಕಳ್ಕೊಂಡಿದೀಯ?’

ನಿಮ್ಮ ಹೆಸರು ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. ‘ಸುತ್ತಿಗೆಯಣ್ಣನ ಮಗಳಾ?’

‘ತಮ್ಮನ ಮಗಳು.’

ದೊಡ್ಡಪ್ಪ, ಅವರೇ ಗೇಟಿನಮ್ಮ. ನಿಮ್ಮ ಕಾಲದಲ್ಲಿ ಆ ಗೇಟು ಹಾಕಿ ತೆಗೆಯುತ್ತಿದ್ದವರು. ನಿಮ್ಮ ಪತ್ರ ತೋರಿಸಿದೆ. ಅವರ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು, ಅದನ್ನು ಹಿಡಿದುಕೊಂಡು ನಿಧಾನಕ್ಕೆ ಓದಿ, ‘ಎಲ್ಲಾ ಸರಿಯಾಗೇ ಬರ್ದಿದಾನಲ್ಲ. ನೀನು ಯಾವ ಕಡೆ ಹುಡುಕ್ದೆ?’ ಎಂದರು.

ಎಡಗಡೆ ಎಂದು ನನ್ನ ಎಡಗೈ ತೋರಿಸಿದೆ.

ಗೇಟಿನಮ್ಮ ನಕ್ಕರು ನೋಡಿ, ಜೇನುಹುಳ ಎದ್ದಾವು ಎಂದು ನನಗೆ ದಿಗಿಲಾಯಿತು. ‘ಅಯ್ಯೋ ಹುಡುಗೀ, ಹಳಿ ಮೇಲೆ ನಿನ್ನೆಡ ನನ್ನೆಡ ಅಂತ ಇರಲ್ಲ. ದಾರಿ ಶುರುವಾಗೋ ಸೊನ್ನೆ ಕಲ್ಲಿಗೆ ಬೆನ್ನು ಹಾಕಿ ನಿಂತ್ಕೋಬೇಕು. ಆಗ ಯಾವುದು ಎಡವೋ ಅದೇ ಎಡ, ನೀನು ಯಾವ ಕಡೆಯಿಂದಾದ್ರೂ ಬಾ. ಈ ಕಡೆಯಿಂದ ಬರೋ ಗ್ಯಾಂಗು ಒಂದು, ಆ ಕಡೆಯಿಂದ ಬರೋ ಗ್ಯಾಂಗು ಒಂದು. ಎಡ ಹಳಿ ಬೋಲ್ಟು ಸಡಿಲ ಅಂದ್ರೆ ಇಬ್ರಿಗೂ ಒಂದೇ ಹಳಿ ಗೊತ್ತಾಗ್ಬೇಕಲ್ಲ? ಇಲ್ದಿದ್ರೆ ರೈಲು ಮಗುಚ್ಕೊಳುತ್ತೆ.’

ನಾನು ಇಪ್ಪತ್ತೆರಡರಿಂದ ಸೊನ್ನೆಯ ಕಡೆಗೆ ಬರುತ್ತಿದ್ದೆ. ಪ್ರತಿ ಸಲವೂ, ಪ್ರತಿಯೊಂದನ್ನೂ, ದಾರಿಯ ಆಚೆ ಬದಿಯಲ್ಲಿ ಬಿಟ್ಟು ಈಚೆ ಬದಿಯಲ್ಲಿ ಹುಡುಕಿದ್ದೇನೆ! ನಡುವೆ ಇದ್ದ ಸುರಂಗವೊಂದೇ ಸಿಕ್ಕಿದ್ದು ಅದಕ್ಕೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಅಂಗಡಿಯಲ್ಲಿ ಬಲಗಣ್ಣು ಎಂದರೆ ಎದುರಿಗೆ ಕೂತವರ ಬಲಗಣ್ಣು, ಅದು ನನ್ನ ಎಡಗೈ ಪಕ್ಕಕ್ಕಿರುತ್ತದೆ. ಒಂದು ದಿನವೂ ಅದನ್ನು ತಪ್ಪಿದವಳಲ್ಲ. ನಿಮ್ಮ ವಿಷಯಕ್ಕೆ ಬಂದಾಗ ಮಾತ್ರ, ನಾನೆಲ್ಲಿ ನಿಂತಿದ್ದೇನೆ ಎಂದು ಯೋಚಿಸದೆ, ತಪ್ಪು ನಿಮ್ಮ ತಲೆಯಲ್ಲಿದೆ ಎಂದುಕೊಂಡೆ.

ಗೇಟಿನಮ್ಮ ಕೋಲು ಹಿಡಿದು ಜೊತೆಗೆ ಬಂದರು. ಹನ್ನೊಂದರಲ್ಲಿ ಆಚೆ ಬದಿಗೆ ದಾಟಿ, ಎಣಿಸಿಕೊಂಡು ಹೋದೆವು. ಮೂವತ್ತೆಂಟನೇ ಹೆಜ್ಜೆಗೆ ನನ್ನ ಕಾಲು ಕಲ್ಲಿಗೆ ಬಡಿಯಿತು. ಎಲೆ ಗುಡಿಸಿದೆವು. ಪಾಚಿ ಇಲ್ಲ. ಉದ್ದನೆಯ ಚಪ್ಪಡಿ, ನನ್ನ ಸೈಕಲ್ಲಿಗಿಂತ ಒಂದು ಗೇಣು ಹೆಚ್ಚು. ನಾನು ಈ ತುದಿಯಲ್ಲಿ ಕೂತೆ, ಗೇಟಿನಮ್ಮ ಆ ತುದಿಯಲ್ಲಿ. ಇಬ್ಬರ ನಡುವೆ ಒಂದು ಮಗು ಮಲಗುವಷ್ಟು ಜಾಗ ಉಳಿಯಿತು. ಗೇಟಿನಮ್ಮ ಅದನ್ನು ಕೈಯಿಂದ ಸವರಿ, ‘ಇಲ್ಲೇ ಮಲಗಿಸ್ತಿದ್ಲು. ಊಟ ಮುಗಿಯೋವರೆಗೂ ಒಂದು ಸಲಾನೂ ಅಳ್ತಿರ್ಲಿಲ್ಲ ಆ ಕೂಸು’ ಎಂದರು. ನಾನು ಹೇಳಿಕೊಟ್ಟದ್ದಲ್ಲ ದೊಡ್ಡಪ್ಪ. ನಾನು ಅವರಿಗೆ ತೋರಿಸಿದ್ದು ಜನವರಿಯ ಪತ್ರ, ಅದರಲ್ಲಿ ಮಗುವಿನ ಸುದ್ದಿಯೇ ಇಲ್ಲ.

ಬರುವಾಗ ಮರವನ್ನೂ ನೋಡಿದೆ, ಹಳಿಯ ತುದಿ ಒಂದೂವರೆ ಗೇಣು ಮಾತ್ರ ಹೊರಗಿದೆ. ಬಾವಿಗೆ ಹನ್ನೊಂದಲ್ಲ, ಒಂಬತ್ತು ಮೆಟ್ಟಿಲು. ಕೆಳಗಿನ ಎರಡು ಹೂಳಿನಲ್ಲಿ ಇರಬೇಕು. ಮುಲಾಜಿಲ್ಲದೆ ಬರೆದಿದ್ದೇನೆ. ಇದನ್ನು ಅಕ್ಕನಿಗೂ ಓದಿ ಹೇಳಿ, ಇಲ್ಲದಿದ್ದರೆ ನಾನೇ ಫೋನ್ ಮಾಡಿ ಕಿರುಚುತ್ತೇನೆ.

ಗುಬ್ಬಿ


ಮಾರ್ಚ್ ೭

ಗುಬ್ಬಿ,

ಎರಡು ಪತ್ರವೂ ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ನಿನ್ನ ಕಿವಿ ಹಿಂಡಬೇಕು ಎನಿಸಿತು. ಎರಡನೆಯದನ್ನು ಓದಲು ಆಗಲಿಲ್ಲ, ಕನ್ನಡಕ ಮಂಜಾಯಿತು. ನೀನೇ ಮಾಡಿಕೊಟ್ಟ ಕನ್ನಡಕ, ಅದರ ತಪ್ಪಲ್ಲ. ನಿಮ್ಮಕ್ಕ ಓದಿ ಹೇಳಿದಳು.

ತಪ್ಪು ನನ್ನದೂ ಇದೆ. ಎಡ ಎಂದರೆ ಯಾವ ಎಡ ಎಂದು ಬರೆಯಬೇಕೆಂದು ಹೊಳೆಯಲೇ ಇಲ್ಲ. ಬೆಂಕಿ ಸುಡುತ್ತದೆ ಎಂದು ಯಾರಾದರೂ ಪತ್ರದಲ್ಲಿ ಬರೆಯುತ್ತಾರೆಯೇ? ನೀನು ಆ ತುದಿಯಿಂದ ಹೊರಟೆ ಎಂದು ಮೊದಲ ಪತ್ರದಲ್ಲೇ ಹೇಳಿದ್ದೆ, ನಾನೂ ಓದಿದ್ದೆ.

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಸುಳ್ಳು ಹೇಳುವುದಿಲ್ಲ. ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, ಎರಡು ಹಾರಿಹೋಗಿದ್ದವು. ವಾರ ಯಾವುದು ಎಂದರೆ ಸೋಮವಾರ ಎಂದೆ, ಅದು ಬುಧವಾರವಂತೆ. ಹೊಸ ಸಂಗತಿ ಸ್ವಲ್ಪ ಸೋರುತ್ತದೆ, ಹಳೆಯದು ಗಟ್ಟಿಯಾಗಿದೆ ಎಂದರು. ಗುಳಿಗೆ ಕೊಟ್ಟಿದ್ದಾರೆ. ಗೊತ್ತಿರುವ ದಾರಿಯಲ್ಲಿ ಒಬ್ಬರೇ ಓಡಾಡಲಿ, ವಿಳಾಸದ ಚೀಟಿ ಜೇಬಿನಲ್ಲಿರಲಿ ಎಂದರು. ಚೀಟಿಗೆ ಒಪ್ಪಿದೆ. ಆಳು ಐದು ದಿನ ಬಂದ, ಒಳ್ಳೆಯ ಮನುಷ್ಯ, ಆದರೆ ನನಗಿಂತ ನಿಧಾನ. ಅವನಿಗೆ ಬೇರೆ ಮನೆ ಸಿಕ್ಕಿದೆ.

ಹನ್ನೆರಡು ಕಟ್ಟಡದ ತಲೆನೋವಿಗೂ ಒಂದು ದಾರಿ ಮಾಡಿಕೊಂಡೆ. ಗೇಟಿನ ಹೊರಗಿನ ಅಂಚೆ ಡಬ್ಬವೇ ಇನ್ನು ಮೇಲೆ ಸೊನ್ನೆ. ಅದಕ್ಕೆ ಬೆನ್ನು ಹಾಕಿ ನಿಂತರೆ ನಮ್ಮದು ಎಡಗಡೆ ನಾಲ್ಕನೆಯದು. ಮೂರು ದಿನದಿಂದ ಒಂದು ಸಲವೂ ತಪ್ಪಿಲ್ಲ. ಬಿಸ್ಕತ್ತು ಕೊಟ್ಟ ಹೆಂಗಸು ಬೇಕೆಂದರೆ ಬಲಗಡೆ ಮೂರನೆಯದು.

ಮಳೆ ಹಿಡಿಯುವ ಮೊದಲು ಬರುತ್ತೇನೆ. ಸೈಕಲ್ ಹಿಂದೆ ಕೂರಲು ಏನಾದರೂ ಕಟ್ಟಿಡು. ಗೇಟಿನಮ್ಮನ ಕನ್ನಡಕದ ಕಡ್ಡಿ ಸರಿಮಾಡಿಕೊಡು.

ದೊಡ್ಡಪ್ಪ

ಗುಬ್ಬಿ, ನಾನು ಅಕ್ಕ. ಕವರಿಗೆ ಅಂಟು ಹಚ್ಚುವ ಕೆಲಸ ನನಗೆ ಕೊಟ್ಟಿದ್ದಾರೆ, ಕೆಳಗೆ ಜಾಗವಿತ್ತು, ಬರೆಯುತ್ತಿದ್ದೇನೆ. ಆ ಹೂಂ ಎನ್ನುವ ಮಾತು ನಿನಗೆ ಹೇಳಿಕೊಟ್ಟವಳು ನಾನೇ. ಕಳೆದುಹೋಗಿಬಿಟ್ಟರೆ ಎಂಬ ಒಂದೇ ಹೆದರಿಕೆ ಕಣೇ. ಆ ಕಲ್ಲಿನ ಮೇಲೆ ನಾನು ಮಲಗುತ್ತಿದ್ದೆನಂತೆ, ಅಳುತ್ತಿರಲಿಲ್ಲವಂತೆ. ನನಗೆ ಒಂದಿಷ್ಟೂ ನೆನಪಿಲ್ಲ. ಅಪ್ಪನಿಗಿದೆ.

ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ‘ಮೂರು ಗಂಟೆಗೆ ಡಬ್ಬ ತೆಗೀತಾರೆ, ಬೇಗ ಅಂಟಿಸೇ’ ಎನ್ನುತ್ತಿದ್ದಾರೆ. ಒಬ್ಬರೇ ಹೋಗುತ್ತಾರಂತೆ. ಹೋಗಲಿ.